ಸತ್ಯಾಂಶ: ಇಲಿ ಕಾಟಕ್ಕೆ ಬೆಕ್ಕು ಬಿಟ್ಟರೆ ಕಡಲಹಕ್ಕಿ ಉಳಿಯುವುದಿಲ್ಲ

"ದ್ವೀಪದಲ್ಲಿ ಇಲಿಗಳು ಕಡಲಹಕ್ಕಿ ಮರಿಗಳನ್ನು ತಿನ್ನುತ್ತಿದ್ದರೆ ನಾಲ್ಕು ಬೆಕ್ಕು ಬಿಟ್ಟರೆ ಸಾಕು, ವಿಷ ಯಾಕೆ?" ಎಂಬ ಫಾರ್ವರ್ಡ್ ಓಡಾಡುತ್ತಿದೆ. ಇದು ಆಗಲೇ ಮಾಡಿ ಕೈಸುಟ್ಟುಕೊಂಡ ಪ್ರಯೋಗ.

ದಕ್ಷಿಣ ಆಫ್ರಿಕಾದ ಮೇರಿಯನ್ ದ್ವೀಪಕ್ಕೆ 1940ರ ದಶಕದ ಕೊನೆಯಲ್ಲಿ ಇಲಿ ಹಿಡಿಯಲೆಂದೇ ಐದು ಬೆಕ್ಕು ತಂದರು. 1970ರ ದಶಕದಲ್ಲಿ ಅವು ಎರಡು ಸಾವಿರ ದಾಟಿ, ವರ್ಷಕ್ಕೆ ಸುಮಾರು 4.5 ಲಕ್ಷ ಹಕ್ಕಿಗಳನ್ನು ಕೊಲ್ಲುತ್ತಿದ್ದವು. ಚುರುಕಾದ ಇಲಿಗಿಂತ ಬಿಲದಲ್ಲಿ ಗೂಡು ಮಾಡುವ ಪೆಟ್ರೆಲ್ ಎಂಬ ಕಡಲಹಕ್ಕಿ ಸುಲಭದ ತುತ್ತು ತಾನೆ! 1991ರ ಹೊತ್ತಿಗೆ ಬೆಕ್ಕುಗಳನ್ನು ಪೂರ್ತಿ ತೆಗೆದರು. ಇಲಿಗಳು ಮಾತ್ರ ಉಳಿದವು. ಈಗ ಅವು ಗೂಡಿನಲ್ಲಿ ಕೂತ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯ ಮರಿಯ ನೆತ್ತಿಯನ್ನು ರಾತ್ರಿಯಿಡೀ ಕಚ್ಚಿ ತಿನ್ನುತ್ತವೆ; ನೆಲದ ಶತ್ರುವನ್ನೇ ಕಾಣದ ವಂಶದ ಮರಿ ಅಲ್ಲಾಡದೆ ಕೂತಿರುತ್ತದೆ.

ಫಲ ಕೊಡುವುದು ಬ್ರೊಡಿಫಾಕಮ್ ಎಂಬ ಇಲಿ ವಿಷ ಬೆರೆಸಿದ ಧಾನ್ಯದ ಗುಳಿಗೆ. ಇಲಿಗಳು ಹಸಿದು, ಮರಿ ಹಾಕುವುದು ನಿಂತಿರುವ ಚಳಿಗಾಲದಲ್ಲಿ ಹೆಲಿಕಾಪ್ಟರಿನಿಂದ ಚೆಲ್ಲುತ್ತಾರೆ. ಎಲ್ಲೂ ಜಾಗ ಬಿಡದಂತೆ, ಒಮ್ಮೆ ಹಾದಾಗ ಚೆಲ್ಲಿದ ನೆಲದ ಪಟ್ಟಿಯ ಅಂಚಿನ ಮೇಲೆ ಮುಂದಿನ ಪಟ್ಟಿ ಬೀಳಬೇಕು, ಕೆಲವು ವಾರ ಬಿಟ್ಟು ಇನ್ನೊಮ್ಮೆ ಚೆಲ್ಲಬೇಕು. ಸ್ಕುವಾದಂಥ ಕೆಲವು ಹಕ್ಕಿಗಳೂ ಸಾಯುತ್ತವೆ, ನಿಜ. ಆದರೂ ದಕ್ಷಿಣ ಅಟ್ಲಾಂಟಿಕ್ ಸಾಗರದ ದಕ್ಷಿಣ ಜಾರ್ಜಿಯಾ ದ್ವೀಪ ಇಲಿಮುಕ್ತವೆಂದು 2018ರಲ್ಲಿ ಘೋಷಣೆಯಾಯಿತು. ಅದೇ ಸಾಗರದ ಗಾಫ್ ದ್ವೀಪದಲ್ಲಿ ಮಾತ್ರ 2021ರ ಕಾರ್ಯಾಚರಣೆ ಸೋತಿತು: ಬಸುರಿ ಇಲಿ ಒಂದೇ ಉಳಿದರೂ ಸಂತತಿ ಮತ್ತೆ ತುಂಬಿಕೊಳ್ಳುತ್ತದೆ.