ಕೆಲಸ ಬಲ್ಲವರನ್ನು ಮಾತಿನ ಪರೀಕ್ಷೆಯಲ್ಲಿ ಬೀಳಿಸುತ್ತಿದ್ದೇವೆ

ಆಟಿಸಂ, ಅಂದರೆ ಇತರರೊಂದಿಗೆ ಬೆರೆಯುವ, ಮಾತಾಡುವ ರೀತಿ ಬೇರೆಯಾಗಿರುವ ಮಿದುಳಿನ ಬೆಳವಣಿಗೆಯ ಸ್ಥಿತಿ, ಇರುವವರಿಗೆ ಐಟಿ ಉದ್ಯೋಗ ಎಂಬ ವಿಚಾರ ನಮ್ಮೂರಿಗೆ ಹೊಸದಲ್ಲ. ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ 2013ರಲ್ಲಿ ಈ ನೇಮಕಾತಿಯನ್ನು ಜಗತ್ತಿನಾದ್ಯಂತ ವಿಸ್ತರಿಸುವುದಾಗಿ ಘೋಷಿಸುವ ಮೊದಲೇ, ಅದರ ಬೆಂಗಳೂರಿನ ಕಚೇರಿ ಆಟಿಸಂ ಇರುವ ಆರು ಮಂದಿಯನ್ನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ತೆಗೆದುಕೊಂಡಿತ್ತು. ಇಷ್ಟಾದರೂ ನಮ್ಮ ಬಹುಪಾಲು ಕಂಪನಿಗಳ ಬಾಗಿಲು ಇವರಿಗೆ ತೆರೆದಿಲ್ಲ. ಅದಕ್ಕೆ ಮುಖ್ಯ ಕಾರಣ ನಾವು ನಡೆಸುವ ಸಂದರ್ಶನ ಎಂಬುದು ನನ್ನ ಅಭಿಪ್ರಾಯ.

ಗ್ರೂಪ್ ಡಿಸ್ಕಷನ್‌ನಲ್ಲಿ ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕುವ ಜಾಣ್ಮೆ, ಎದುರಿದ್ದವರ ಕಣ್ಣಲ್ಲಿ ಕಣ್ಣಿಟ್ಟು ನಗುತ್ತಾ 'ನಿಮ್ಮ ಬಗ್ಗೆ ಹೇಳಿ' ಎಂಬ ಪ್ರಶ್ನೆಗೆ ಉತ್ತರಿಸುವ ಸಲೀಸು, ಇವುಗಳನ್ನು ಅಳೆದು ಕೋಡ್ ಬರೆಯುವವರನ್ನು ಆರಿಸುವುದು ವಿಚಿತ್ರವೇ ಸರಿ. ಆಟಿಸಂ ಇರುವ ಮಗನ ತಂದೆ ಥೋರ್ಕಿಲ್ ಸೊನ್ನೆ 2004ರಲ್ಲಿ ಡೆನ್ಮಾರ್ಕ್‌ನಲ್ಲಿ ಕಟ್ಟಿದ, ಮುಂದೆ ಎಸ್‌ಎಪಿಗೂ ಜೊತೆಯಾದ ಸ್ಪೆಷಲಿಸ್ಟರ್ನ ಸಂಸ್ಥೆ ಬೇರೆ ದಾರಿ ಹಿಡಿಯಿತು. ಅಭ್ಯರ್ಥಿಗಳ ಕೈಗೆ ಲೆಗೊ ರೋಬೋಟ್ ಕೊಟ್ಟು, ಅವರು ಅದನ್ನು ಜೋಡಿಸಿ ಪ್ರೋಗ್ರಾಂ ಮಾಡುವ ರೀತಿಯನ್ನು ಗಮನಿಸಿತು.

ಕೆಲಸಕ್ಕೆ ಸೇರಿದ ಮೇಲೆ ಬೇಕಾಗುವ ಬದಲಾವಣೆಗಳಿಗೆ ಹೆಚ್ಚಿನ ಖರ್ಚಿಲ್ಲ. ನಮ್ಮ ತಂಡದ, ಆಟಿಸಂ ಇರುವ ಒಬ್ಬ ಹುಡುಗನಿಗೆ 'ಇದನ್ನು ಸ್ವಲ್ಪ ಬೇಗ ನೋಡಿಬಿಡು' ಎಂದರೆ ಅವನು ಕಂಗಾಲಾಗುತ್ತಿದ್ದ. ಯಾವ ಸ್ಕ್ರೀನ್, ಯಾವ ಬ್ರೌಸರ್, ಗುರುವಾರ ಸಂಜೆ ನಾಲ್ಕರೊಳಗೆ ಎಂದು ಟಿಕೆಟ್‌ನಲ್ಲಿ (ಕೆಲಸ ಹಂಚುವ ಕಂಪ್ಯೂಟರ್ ಚೀಟಿಯಲ್ಲಿ) ಬರೆದು ಕೊಟ್ಟಾಗ, ನಾವೆಲ್ಲ ನೋಡಿಯೂ ನೋಡದಂತಿದ್ದ ದೋಷಗಳನ್ನು ಅವನು ಹುಡುಕಿ ಕೊಟ್ಟ. ಅಂಥ ಸ್ಪಷ್ಟತೆ, ನಿಜ ಹೇಳಬೇಕೆಂದರೆ, ನಮಗೂ ಬೇಕಾಗಿತ್ತು.

ಹಾಗೆಂದು ಆಟಿಸಂ ಇರುವವರೆಲ್ಲ ಗಣಿತದ ಮೇಧಾವಿಗಳು ಎಂಬ ಹೊಗಳಿಕೆಯೂ ಅಪಾಯಕಾರಿ. ಸಾಧಾರಣ ಪ್ರತಿಭೆಯವರಿಗೆ ಅದೇ ಹೊಗಳಿಕೆ ಅಡ್ಡಗಾಲಾಗುತ್ತದೆ; ಉಳಿದವರನ್ನು ಜೀವನಪೂರ್ತಿ ಟೆಸ್ಟಿಂಗ್‌ನಲ್ಲೇ ಕೂರಿಸಲು ನೆಪವಾಗುತ್ತದೆ. ವಿನ್ಯಾಸ, ದಾಖಲೆ ಬರವಣಿಗೆ, ಗ್ರಾಹಕ ಬೆಂಬಲದ ಕಡೆಗೆ ಆಸಕ್ತಿ ಇರುವವರೂ ಅವರಲ್ಲಿ ಇದ್ದಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ 4ರಷ್ಟು ಮೀಸಲಾತಿ ಕೊಟ್ಟಿದೆ. ಅದರಲ್ಲಿ ಶೇ 1ರ ಪಾಲನ್ನು ಆಟಿಸಂ ಇರುವವರು ಬೌದ್ಧಿಕ ಅಂಗವೈಕಲ್ಯ, ಮಾನಸಿಕ ಕಾಯಿಲೆ ಮುಂತಾದವುಗಳಿರುವವರೊಂದಿಗೆ ಹಂಚಿಕೊಳ್ಳಬೇಕು. ಖಾಸಗಿ ಕಂಪನಿಗಳಿಗೆ ಅಂಥ ಮೀಸಲಾತಿಯ ಕಟ್ಟುಪಾಡಿಲ್ಲ, ಪ್ರೋತ್ಸಾಹಧನದ ಪ್ರಸ್ತಾಪವಷ್ಟೇ ಇದೆ. ಹಾಗಾಗಿ ನೇಮಕಾತಿಯಲ್ಲಿ ಕೈಯಾಡಿಸುವ ನಮ್ಮಂಥವರೇ ಶುರು ಮಾಡಬೇಕಾಗಿದೆ. ಸಂದರ್ಶನದ ಪ್ರಶ್ನೆಗಳನ್ನು ಎಲ್ಲ ಅಭ್ಯರ್ಥಿಗಳಿಗೂ ಹಿಂದಿನ ದಿನವೇ ಕಳುಹಿಸೋಣ, ಒಂದು ಸುತ್ತನ್ನು ಮಾತಿಲ್ಲದೆ ಕೆಲಸ ಮಾಡಿಸಿಯೇ ನಡೆಸೋಣ ಎಂದು ನಮ್ಮ ಎಚ್‌ಆರ್ ವಿಭಾಗಕ್ಕೆ ಬರೆದಿದ್ದೇನೆ. 'ಎಲ್ಲರಿಗೂ ಯಾಕೆ?' ಎಂದು ಕೇಳಿದ್ದಾರೆ. ತನಗೆ ಆಟಿಸಂ ಇದೆ ಎಂದು ಮೊದಲ ಭೇಟಿಯಲ್ಲೇ ಹೇಳಿಕೊಳ್ಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ, ಅದಕ್ಕೇ ಎಂದು ಉತ್ತರಿಸಿದ್ದೇನೆ.