ಹದಿನೈದು ಕಿಲೋ ಅಡಿಕೆಗೊಂದು ಐಟಿಆರ್-2

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಜುಲೈ ಅಂದರೆ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಮಳೆ ಅರ್ಧ ದಿನ ಬಿಟ್ಟರೆ ಸಾಕು, ಬೋರ್ಡೋ ದ್ರಾವಣ ಹೊಡೆಯುವವರನ್ನು ಹುಡುಕಿಕೊಂಡು ಓಡಬೇಕು. ಇಲ್ಲವಾದರೆ ಕೊಳೆರೋಗ. ಕರೆಂಟ್ ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಒಟಿಪಿ ಬರುವುದಿಲ್ಲ. ಆದಾಯ ತೆರಿಗೆ ರಿಟರ್ನ್‌ಗೂ ಇದೇ ತಿಂಗಳ 31 ಕೊನೆ ದಿನ. 2025ರಲ್ಲಿ ಸೆಪ್ಟೆಂಬರ್ 16ರವರೆಗೆ ಮುಂದೂಡಿದರು, ಅದು ಬೇರೆ ಮಾತು.

ತೆರಿಗೆ ಕಟ್ಟುವುದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಫಾರಂ ಬಗ್ಗೆ.

ನಮ್ಮೂರ ನಿವೃತ್ತ ಮಾಷ್ಟ್ರುಗಳಿಗೆ ಪೆನ್ಷನ್ ಇರುತ್ತದೆ, ಒಂದಿಷ್ಟು ಎಫ್‌ಡಿ ಬಡ್ಡಿ ಇರುತ್ತದೆ, ಜತೆಗೆ ಎರಡೆಕರೆ ತೋಟ. ತೋಟ ಇಲ್ಲದಿದ್ದರೆ ಸುಲಭದ ಐಟಿಆರ್-1 ಎಂಬ ರಿಟರ್ನ್ ಫಾರಂ ಸಾಕು. ಆದರೆ ಕೃಷಿ ಆದಾಯ ವರ್ಷಕ್ಕೆ 5,000 ರೂಪಾಯಿ ದಾಟಿತೋ, ಅದಕ್ಕಿಂತ ಉದ್ದದ ಐಟಿಆರ್-2 ತುಂಬಿಸಬೇಕು. 5,000 ಅಂದರೆ ಎಷ್ಟು? ಈಗಿನ ದರದಲ್ಲಿ ಹದಿನೈದು ಕಿಲೋ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದರೆ ಮುಗಿಯಿತು! ಶೇರಿನ ದೀರ್ಘಾವಧಿ ಲಾಭ 1.25 ಲಕ್ಷದವರೆಗೆ ಇದ್ದರೂ ಐಟಿಆರ್-1 ಸಾಕು ಅಂತ 2025ರಲ್ಲಿ ಸಡಿಲಿಕೆ ಕೊಟ್ಟರು. ಅಡಿಕೆಯ 5,000 ಮಾತ್ರ ಹಾಗೇ ಉಳಿಯಿತು.

ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲವಲ್ಲ ಅನ್ನಬಹುದು. ಇಲ್ಲ, ಸರಿ. ಆದರೆ ಉಳಿದ ಆದಾಯದ ತೆರಿಗೆ ದರ ನಿಗದಿ ಮಾಡಲು ಅದನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲೇ ನೋಡಿ. ಪೆನ್ಷನ್, ಬಡ್ಡಿ ಸೇರಿ ಕಡಿತ ಕಳೆದು 6 ಲಕ್ಷ, ಅಡಿಕೆಯದ್ದು 3 ಲಕ್ಷ. 9 ಲಕ್ಷಕ್ಕೆ ತೆರಿಗೆ 30,000. ಇನ್ನು ಅಡಿಕೆಯ 3 ಲಕ್ಷಕ್ಕೆ, ತೆರಿಗೆಯೇ ಇಲ್ಲದ ಮೊದಲ 4 ಲಕ್ಷ ಸೇರಿಸಿದರೆ 7 ಲಕ್ಷ, ಅದಕ್ಕೆ ತೆರಿಗೆ 15,000. ಒಂದರಿಂದ ಇನ್ನೊಂದು ಕಳೆದರೆ 15,000 ಉಳಿಯಿತು. ಆಮೇಲೆ ರಿಬೇಟ್ (ಮಿತಿಯೊಳಗಿನ ಆದಾಯದವರಿಗೆ ತೆರಿಗೆ ಮಾಫಿ) ಬಂದು ಅದೂ ಸೊನ್ನೆ! ಇಷ್ಟು ಸರ್ಕಸ್ ಸೊನ್ನೆಗೋಸ್ಕರ. ರಿಟರ್ನ್ ಹಾಕದೆ ಕೂರುವ ಹಾಗೂ ಇಲ್ಲ. ಬ್ಯಾಂಕ್ ಬಡ್ಡಿಯಲ್ಲಿ ಮೊದಲೇ ತೆರಿಗೆ (ಟಿಡಿಎಸ್) ಹಿಡಿದಿದ್ದರೆ ಆ ದುಡ್ಡು ವಾಪಸ್ ಬರಲೂ ರಿಟರ್ನೇ ಬೇಕು.

ಇನ್ನೊಂದು ಕಡೆ ನೋಡಿದರೆ ಇಲಾಖೆಗೆ ಎಲ್ಲ ಗೊತ್ತು. ಇಲಾಖೆಯ ಪೋರ್ಟಲ್‌ನಲ್ಲಿ ಎಐಎಸ್ (ನಮ್ಮ ವಾರ್ಷಿಕ ಮಾಹಿತಿ ಪಟ್ಟಿ) ತೆರೆಯಿರಿ. ಬಡ್ಡಿ, ಡಿವಿಡೆಂಡ್, ಶೇರು ವ್ಯವಹಾರ, ಟಿಡಿಎಸ್ ಎಲ್ಲ ಅಲ್ಲಿದೆ. ಗೊತ್ತಿಲ್ಲದ್ದು ತೋಟದ ಲೆಕ್ಕ ಒಂದೇ. ಹಾಗಾದರೆ ಅದೊಂದನ್ನೇ ಕೇಳಿದರೆ ಸಾಕಲ್ವಾ?

ನನಗೆ ಬೇಕಾದ್ದು ಇಷ್ಟೇ. ಐಟಿಆರ್-1ರ ಕೃಷಿ ಮಿತಿಯನ್ನು 5 ಲಕ್ಷಕ್ಕೆ ಏರಿಸಲಿ. ಐಟಿಆರ್-2ರಲ್ಲೇ ಜಾಗ ಎಷ್ಟು ಎಕರೆ, ಸ್ವಂತದ್ದೋ ಗೇಣಿಯೋ, ನೀರಾವರಿ ಇದೆಯೋ ಅಂತ ಕೇಳುವುದು 5 ಲಕ್ಷ ದಾಟಿದ ಮೇಲೆ. ಅದೇ ಗೆರೆ ಇಲ್ಲಿಗೂ ಸಾಕು. ಉಳಿದದ್ದನ್ನು ಇಲಾಖೆಯೇ ತುಂಬಿಸಿ ಕಳಿಸಲಿ. ತಪ್ಪಿದ್ದರೆ ತಿದ್ದುತ್ತೇವೆ, ಸರಿ ಇದ್ದರೆ ಒಂದು ಒಟಿಪಿ ಕೊಟ್ಟು ಮುಗಿಸುತ್ತೇವೆ.

75 ದಾಟಿದವರಿಗೆ ರಿಟರ್ನ್‌ನಿಂದಲೇ ವಿನಾಯಿತಿ ಇದೆ, ನಿಜ. ಆದರೆ ಪೆನ್ಷನ್ ಬರುವ ಬ್ಯಾಂಕಿನಲ್ಲೇ ಬಡ್ಡಿಯೂ ಬರಬೇಕು, ಬೇರೆ ಆದಾಯ ಇರಬಾರದು. ನಮ್ಮಲ್ಲಿ ಎಷ್ಟೋ ಜನರ ಪೆನ್ಷನ್ ಟ್ರೆಷರಿಯಲ್ಲಿ, ಠೇವಣಿ ಊರಿನ ಸೇವಾ ಸಹಕಾರಿ ಬ್ಯಾಂಕಿನಲ್ಲಿ. ಅವರಿಗೆ ಈ ವಿನಾಯಿತಿ ಇದ್ದೂ ಇಲ್ಲದ ಹಾಗೆ. ಬಜೆಟ್‌ಗೆ ಮೊದಲು ಸಲಹೆ ಕೇಳುತ್ತಾರಲ್ಲ, ನಮ್ಮ ಸಹಕಾರಿ ಸಂಘದವರು, ಪೆನ್ಷನರ್ ಸಂಘದವರು ಮಿತಿ ಏರಿಸುವುದು, ಫಾರಂ ತುಂಬಿಸಿ ಕಳಿಸುವುದು, ಈ ಎರಡು ವಿಷಯವನ್ನಾದರೂ ಬರೆದು ಕಳಿಸಲಿ. ಕರಡು ಬೇಕಿದ್ದರೆ ನಾನು ಮಾಡಿಕೊಡುತ್ತೇನೆ.