ಎಷ್ಟು ದಿನ ರಜೆ?

ಇವತ್ತು ಸಾಗರದಲ್ಲಿ ಗ್ಯಾಸ್ ಪೈಪ್ ತರಲು ಹೋಗಿದ್ದೆ. ಅಂಗಡಿಯವರು ಅಪ್ಪನ ಪರಿಚಯದವರೇ. ಪೈಪ್ ಕತ್ತರಿಸುತ್ತಾ ಕೇಳಿದರು, "ಎಷ್ಟು ದಿನ ರಜೆ?" ಬಂದು ಮೂರು ದಿನ ಆಗಿದೆ ಅಷ್ಟೇ. ಈ ಪ್ರಶ್ನೆ ಕೇಳದ ಮನುಷ್ಯರು ಸಿಕ್ಕಿದ್ದೇ ಅಪರೂಪ. ಸಿಟ್ಟು ಬಂತು. ಹಿರಿಯರು, ಅವರ ಮುಂದೆ ತೋರಿಸಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನಿಮಗೆಲ್ಲ ಗೊತ್ತೇ ಇದೆ, ಹನ್ನೆರಡು ವರ್ಷ ಪುಣೆಯಲ್ಲಿದ್ದೆ. ಈಗ ಕೆಲಸ ಬಿಟ್ಟಿದ್ದೇನೆ. ಸಾಗರ ತಾಲೂಕಿನ ತುಮರಿ ಹತ್ತಿರ ಅಪ್ಪನ ತೋಟದ ಅಂಚಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದ್ದೇನೆ. ಸಾಮಾನೆಲ್ಲ ಕಾರಿಗೆ ತುಂಬಿಕೊಂಡು ಒಬ್ಬಳೇ ಹೊರಟೆ. ಹಿಂದೆ ಹಾಸಿಗೆ, ಮಿಕ್ಸಿ, ಪುಸ್ತಕದ ಡಬ್ಬಗಳು. ಪಕ್ಕದ ಸೀಟಿನಲ್ಲಿ ಬಾಲ್ಕನಿಯ ಕರಿಬೇವಿನ ಕುಂಡ, ಸೀಟ್ ಬೆಲ್ಟ್ ಬಿಗಿದು. ಖಂಬಾಟ್ಕಿ ಘಾಟಿಯ ಪ್ರತಿ ತಿರುವಿನಲ್ಲೂ ಗೇರ್ ಬದಲಿಸಿದ ಕೈಯಲ್ಲೇ ಅದನ್ನು ಒಮ್ಮೆ ಒತ್ತಿ ಹಿಡಿಯುತ್ತಿದ್ದೆ. ಸಾತಾರಾ ಬರುವಷ್ಟರಲ್ಲಿ ಸೀಟಿನ ತುಂಬಾ ಎಲೆ.

ಸುಮಾರು 650 ಕಿಲೋಮೀಟರ್. ಹಾಡು ಹಾಕಲಿಲ್ಲ. ನದಿಗಳ ಹೆಸರು ಹೇಳಿಕೊಳ್ಳುತ್ತಾ ಬಂದೆ. ನೀರಾ, ಕೃಷ್ಣಾ, ಪಂಚಗಂಗಾ, ಘಟಪ್ರಭಾ, ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ. ಎಲ್ಲವೂ ಮೂಡಣಕ್ಕೆ ಹರಿಯುವವು. ನಮ್ಮ ಶರಾವತಿ ಪಡುವಣಕ್ಕೆ ಹೋಗಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತಾಳೆ. ಚಿಕ್ಕವಳಿದ್ದಾಗ ಅಪ್ಪ ಹೇಳಿಕೊಟ್ಟಿದ್ದು.

ಧಾರವಾಡದಲ್ಲಿ ಒಂದು ರಾತ್ರಿ ಉಳಿದೆ. ಮಾರನೇ ದಿನ ಹಾವೇರಿಯಲ್ಲಿ ಹೆದ್ದಾರಿ ಬಿಟ್ಟು ಹಾನಗಲ್, ಆನವಟ್ಟಿ, ಸೊರಬ. ಕಪ್ಪು ಮಣ್ಣು ಕೆಂಪಾಯಿತು, ಅಡಿಕೆ ತೋಟಗಳು ಶುರುವಾದವು. ಆನವಟ್ಟಿಯಲ್ಲಿ ಚಹಾ ಕೊಟ್ಟವರು ಕಾರಿನ ನಂಬರ್ ಪ್ಲೇಟ್ ನೋಡಿ ಕೇಳಿದರು, "ಊರಿಗಾ? ಎಷ್ಟು ದಿನ ರಜೆ?" ಇಲ್ಲೇ ಇರೋಕೆ ಬಂದೆ ಅಂದೆ. ಅವರು ಒಂದು ಕ್ಷಣ ಸುಮ್ಮನಾದರು. ಆಮೇಲೆ ದನಿ ಇಳಿಸಿ, "ಕೆಲಸಕ್ಕೆ ಏನಾದ್ರೂ ತೊಂದ್ರೆ ಆಯ್ತಾ?" ಅಂದರು.

ನೋಡಿ, ನೋವಾಗುವುದು ಇದು. ಊರು ಬಿಟ್ಟು ಹೋದರೆ ಯಾರೂ ಏನು ತೊಂದರೆ ಅಂತ ಕೇಳುವುದಿಲ್ಲ. ವಾಪಸ್ ಬಂದರೆ ಮಾತ್ರ ಏನೋ ಆಗಿರಬೇಕು. ಸೋತಿರಬೇಕು, ಕಾಯಿಲೆ ಇರಬೇಕು, ಮನೆಯಲ್ಲಿ ಜಗಳ ಆಗಿರಬೇಕು. ಈ ಮಣ್ಣು ಬೇಕು ಅಂತಲೇ ಒಬ್ಬರು ಬರಬಹುದು ಅಂತ ಇಲ್ಲಿನವರೇ ನಂಬುವುದಿಲ್ಲ.

ಯಾಕೆ ನಂಬುವುದಿಲ್ಲ ಅಂತಲೂ ಗೊತ್ತು. ನಮ್ಮದು ಹೊರಟುಹೋಗುವುದನ್ನೇ ನೋಡಿದ ಸೀಮೆ. 1964ರಲ್ಲಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಊರಿಗೂರೇ ನೀರಿನಡಿ ಹೋದವು. ರಾಜ್ಯಕ್ಕೆಲ್ಲ ಕರೆಂಟ್ ಸಿಕ್ಕಿತು, ನಮ್ಮಜ್ಜನಿಗೆ 'ಮುಳುಗಡೆಯವರು' ಅನ್ನುವ ಹೆಸರು ಸಿಕ್ಕಿತು. ಎಷ್ಟೋ ಮುಳುಗಡೆ ಕುಟುಂಬಗಳ ಹಕ್ಕುಪತ್ರದ ತಕರಾರು ಇವತ್ತಿಗೂ ಮುಗಿದಿಲ್ಲ. ಊರವರನ್ನು ಬೇರೆಡೆಗೆ ಸಾಗಿಸಿದ ಲಾರಿಯನ್ನು ಅಜ್ಜ ಹತ್ತಲಿಲ್ಲ, ಗುಡ್ಡದ ಮೇಲಕ್ಕೆ ಬಂದು ಹೊಸದಾಗಿ ಅಡಿಕೆ ಸಸಿ ನೆಟ್ಟ. ಅವನ ಮಕ್ಕಳ ಕಾಲಕ್ಕೆ ಕಾಲೇಜಿಗಾಗಿ ಹೊರಟರು, ನಮ್ಮ ಕಾಲಕ್ಕೆ ಕೆಲಸಕ್ಕಾಗಿ. ಹೊರಡುವುದೇ ರೂಢಿ ಆಗಿಬಿಟ್ಟಿದೆ.

ಪ್ರೀತಿಯಿಂದ ಕೇಳ್ತಾರೆ ಬಿಡೇ, ಅಂತ ತಂಗಿ ಹೇಳುತ್ತಾಳೆ. ಪ್ರೀತಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಹೊರಡುವ ದಿನ ಕೇಳುವುದು ಎಂಥ ಪ್ರೀತಿ? ಆಸ್ಪತ್ರೆ ದೂರ, ನೆಟ್‌ವರ್ಕ್ ಸಿಗಲ್ಲ, ಮಳೆಗಾಲ ಕಷ್ಟ ಅಂತಲೂ ಹೇಳುತ್ತಾರೆ. ಹೌದು, ಕಷ್ಟವೇ. ನಾನು ಇಲ್ಲೇ ಹುಟ್ಟಿದವಳು, ಮಳೆ ನನಗೆ ಹೊಸದಲ್ಲ.

ಅಂಬಾರಗೋಡ್ಲಿಗೆ ಬಂದಾಗ ಸಂಜೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಸೇತುವೆ ತೆರೆದ ಮೇಲೆ ನಾನೇ ಕಾರು ಓಡಿಸಿ ದಾಟಿದ್ದು ಅದೇ ಮೊದಲು. 2.44 ಕಿಲೋಮೀಟರ್. ಕೆಲವೇ ನಿಮಿಷದಲ್ಲಿ ಆಚೆ ದಡ, ಕಳಸವಳ್ಳಿ. ಮೊದಲಾದರೆ ಲಾಂಚಿಗೆ ಕಾಯಬೇಕಿತ್ತು. ಕೊನೆಯ ಲಾಂಚ್ ತಪ್ಪಿದರೆ ಆ ದಿನದ ಕಥೆ ಮುಗಿದ ಹಾಗೆ. ಅಪ್ಪ ಆಚೆ ದಡದಲ್ಲಿ ಟಾರ್ಚ್ ಹಿಡಿದು ನಿಂತಿರುತ್ತಿದ್ದ. ಬ್ಯಾಗ್ ಇಸಿದುಕೊಳ್ಳುತ್ತಾ ಮೊದಲು ಕೇಳುತ್ತಿದ್ದದ್ದೂ ಅದೇ. "ಎಷ್ಟು ದಿನ ರಜೆ ಮಗಾ?"

ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಐದು ದಿನ ರಜೆ ಇದ್ದರೂ ಅಪ್ಪನಿಗೆ ಮೂರೇ ದಿನ ಅನ್ನುತ್ತಿದ್ದೆ. ಉಳಿದ ಎರಡು ದಿನ ಪುಣೆಯಲ್ಲಿ ಮಲಗಿ ಕಳೆಯುತ್ತಿದ್ದೆ. ಅಪ್ಪ ಆ ಮೂರು ದಿನಕ್ಕೇ ಲೆಕ್ಕ ಹಾಕಿ ಹಲಸಿನ ಹಪ್ಪಳ, ಅಪ್ಪೆಮಿಡಿ ಎಲ್ಲ ತೆಗೆದಿಡುತ್ತಿದ್ದ. ಅಪ್ಪ ಹೋಗಿ ಎರಡು ವರ್ಷ. ಸೇತುವೆಯ ಮಧ್ಯೆ ಅಳು ಬಂತು. ಅಲ್ಲಿ ನಿಲ್ಲಿಸುವ ಹಾಗಿರಲಿಲ್ಲ, ಹಾಗೇ ಓಡಿಸಿದೆ. ಈ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುವುದು ಯಾಕೆ ಅಂತ ಅಲ್ಲಿ ಅರ್ಥವಾಯಿತು. ಆದರೂ ಸಿಟ್ಟು ಹೋಗಿಲ್ಲ.

ನಿನ್ನೆ ಬೆಳಿಗ್ಗೆ ಕರಿಬೇವನ್ನು ಕುಂಡದಿಂದ ತೆಗೆದೆ. ಬೇರು ಕುಂಡದ ಆಕಾರಕ್ಕೇ ಸುತ್ತಿಕೊಂಡು ಗಟ್ಟಿಯಾಗಿತ್ತು. ಬೆರಳಿನಲ್ಲಿ ಒಂದೊಂದೇ ಬಿಡಿಸಿದೆ. ಹಿತ್ತಲಿನಲ್ಲಿ ಗುಂಡಿ ತೋಡುತ್ತಿದ್ದಾಗ ಪಕ್ಕದ ಮನೆಯ ದೊಡ್ಡಮ್ಮ ಬೇಲಿ ಹತ್ತಿರ ಬಂದು ನಿಂತರು. ಈಗ ಕೇಳುತ್ತಾರೆ ಅಂದುಕೊಂಡೆ. ಅವರು ಗುಂಡಿಯನ್ನೇ ನೋಡುತ್ತಿದ್ದರು.

"ಅಲ್ಲಿ ಬ್ಯಾಡ ಮಾರಾಯ್ತಿ. ಮಳೆಗಾಲದಲ್ಲಿ ನೀರು ನಿಲ್ತದೆ. ಆ ಎತ್ತರದ ದರೆ ಬದಿಗೆ ನೆಡು."

ದರೆ ಬದಿಗೇ ನೆಟ್ಟೆ.